ಬೇಲೂರಿನ ಚೆನ್ನಿಗರಾಯ: ಕಲ್ಲು ಹೇಳುವುದು, ಜನ ಹೇಳುವುದು

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯದ ಕಾಲವನ್ನು ಕುರಿತ ಒಂದು ಚಿಕ್ಕ ಪ್ರಶ್ನೆಗೆ ನಾಲ್ಕು ಸಾಲಿನ ಉತ್ತರ ಬರೆದಿದ್ದೆ. ಶಕ ವರ್ಷ 1039ರ ಚೈತ್ರದಲ್ಲಿ, ಎಂದರೆ ಕ್ರಿ.ಶ. 1117ರಲ್ಲಿ, ಹೊಯ್ಸಳ ದೊರೆ ವಿಷ್ಣುವರ್ಧನ ದೇವರನ್ನು ಪ್ರತಿಷ್ಠಾಪಿಸಿದನೆಂಬುದಷ್ಟೇ ಅದರ ಸಾರ. ಆ ನಾಲ್ಕು ಸಾಲಿಗೆ ಬಂದ ಪತ್ರಗಳು ಒಂದು ಕಟ್ಟಿನಷ್ಟಿವೆ. ಕೆಲವರು ಹೆಚ್ಚಿನ ವಿವರ ಕೇಳಿದ್ದಾರೆ, ಕೆಲವರು ತರಾಟೆಗೆ ತೆಗೆದುಕೊಂಡಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಬೇಲೂರಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಬೇಲೂರಿನ ಗುಡಿಯನ್ನು ಕಡೆದವನು ಅಮರಶಿಲ್ಪಿ ಜಕಣಾಚಾರಿ ಎಂದು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ತಾವು ಆ ಹೆಸರನ್ನೇ ಎತ್ತಲಿಲ್ಲ. ಮರೆತಿರೋ, ಬೇಕೆಂದೇ ಬಿಟ್ಟಿರೋ? (ತಿಪಟೂರಿನ ಓದುಗರು)

ಉತ್ತರ: ಬೇಕೆಂದೇ ಬಿಟ್ಟೆ. ಆದರೆ ತಾತ್ಸಾರದಿಂದಲ್ಲ, ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಿದರೆ ಕಥೆಗೂ ಅನ್ಯಾಯ, ಇತಿಹಾಸಕ್ಕೂ ಅನ್ಯಾಯ ಎಂಬ ಅಂಜಿಕೆಯಿಂದ.

ಕಥೆ ಬಹುಮಂದಿಗೆ ಗೊತ್ತಿರುವುದೇ. ತುಮಕೂರಿನ ಬಳಿಯ ಕ್ರೀಡಾಪುರದ ಜಕಣಾಚಾರಿ ಶಿಲ್ಪದ ಹುಚ್ಚಿನಲ್ಲಿ ಹೆಂಡತಿಯನ್ನು ಊರಿನಲ್ಲಿಯೇ ಬಿಟ್ಟು ದೇಶಾಂತರ ಹೊರಟ. ಬೇಲೂರಿನಲ್ಲಿ ಕೇಶವನ ಮೂರ್ತಿಯನ್ನು ಕಡೆದು ಪ್ರತಿಷ್ಠೆಗೆ ಸಿದ್ಧಗೊಳಿಸಿದಾಗ ಎಲ್ಲಿಂದಲೋ ಬಂದ ಹುಡುಗನೊಬ್ಬ, ಈ ಕಲ್ಲಿನಲ್ಲಿ ದೋಷವಿದೆ, ಇದು ಪೂಜೆಗೆ ಸಲ್ಲದು ಎಂದ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಜಕಣ ಪಂಥ ಕಟ್ಟಿದ. ಮೂರ್ತಿಗೆಲ್ಲ ಗಂಧ ಬಳಿದಾಗ ಮೈಯೆಲ್ಲ ಒಣಗಿತು, ಹೊಕ್ಕುಳ ಸುತ್ತ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಅದರೊಂದಿಗೆ ಒಂದು ಜೀವಂತ ಕಪ್ಪೆ ಹೊರಗೆ ಬಂದವು. ಜಕಣ ಮಾತಿನಂತೆ ಕೈ ಕಡಿದುಕೊಂಡ. ಆ ಹುಡುಗ ತನ್ನ ಮಗ ಡಂಕಣನೇ ಎಂದು ಆಮೇಲೆ ತಿಳಿಯಿತು. ತನ್ನ ಊರಿನಲ್ಲಿ ಕೇಶವನ ಗುಡಿ ಕಟ್ಟೆಂದು ದೇವರ ಅಪ್ಪಣೆಯಾಗಿ, ಅಲ್ಲಿ ಕಟ್ಟಿ ಮುಗಿಸಿದ ದಿನ ಕೈ ಮರಳಿ ಬಂತು. ಅಂದಿನಿಂದ ಕ್ರೀಡಾಪುರ ಕೈದಾಳವಾಯಿತು.

ಇನ್ನು ಕಲ್ಲು ಹೇಳುವುದನ್ನು ಕೇಳೋಣ. ಬೇಲೂರಿನ ವಿಶೇಷವೆಂದರೆ ಅಲ್ಲಿಯ ರೂವಾರಿಗಳು, ಎಂದರೆ ಶಿಲ್ಪಿಗಳು, ನಾಚಿಕೆಯ ಜನವಾಗಿರಲಿಲ್ಲ. ತಾವು ಕಡೆದ ವಿಗ್ರಹದ ಪಾದಪೀಠದಲ್ಲಿ ತಮ್ಮ ಹೆಸರು, ತಂದೆಯ ಹೆಸರು, ಊರು, ಕೆಲವೊಮ್ಮೆ ಬಿರುದು, ಎಲ್ಲವನ್ನೂ ಕೆತ್ತಿಟ್ಟಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಚಿಕ್ಕಹಂಪ, ಮಲ್ಲಿಯಣ್ಣ, ನಾಗೋಜ ಮುಂತಾದ ಹೆಸರುಗಳು ಈಗಲೂ ಓದಲು ಸಿಗುತ್ತವೆ. ಚಾವಣನಂತೂ ಬಿರುದುಳ್ಳ ಶಿಲ್ಪಿಗಳೆಂಬ ಮನ್ಮಥನಿಗೆ ತಾನು ಮಹೇಶ್ವರನೆಂದು, ಎಂದರೆ ಎದುರಾಳಿಗಳನ್ನು ಸುಟ್ಟುಬಿಡುವವನೆಂದು ಹೇಳಿಕೊಂಡಿದ್ದಾನೆ. ಮಗನ ಆಟೋಪವನ್ನು ಕಂಡು ದಾಸೋಜ ಒಳಗೊಳಗೇ ಹಿಗ್ಗಿರಬೇಕು. ಇಷ್ಟೆಲ್ಲ ಹೆಸರುಗಳ ನಡುವೆ ಜಕಣಾಚಾರಿಯ ಹೆಸರು ಬೇಲೂರಿನ ಯಾವ ವಿಗ್ರಹದ ಅಡಿಯಲ್ಲಿಯೂ ಇಲ್ಲ. ಕೈದಾಳದಲ್ಲಿ ಚೆನ್ನಕೇಶವನ ಗುಡಿ ಇರುವುದು ನಿಜ. ಅದು 12ನೆಯ ಶತಮಾನದ ನಡುಭಾಗದಲ್ಲಿ, ವಿಷ್ಣುವರ್ಧನನ ಮಗ ನರಸಿಂಹನ ಕಾಲದಲ್ಲಿ, ಬಾಚಿ ಎಂಬ ಸಾಮಂತನ ಆಶ್ರಯದಲ್ಲಿ ಎದ್ದದ್ದು.

ಜಕಣಾಚಾರಿ ಎಂಬುದು ವ್ಯಕ್ತಿಯ ಹೆಸರಲ್ಲ, 'ದಕ್ಷಿಣಾಚಾರಿ' ಎಂಬುದರ ರೂಪಾಂತರ, ತೆಂಕಣ ಸೀಮೆಯ ಶಿಲ್ಪಿಗಳಿಗೆ ಒಟ್ಟಾಗಿ ಇದ್ದ ಹೆಸರು ಎಂಬ ಊಹೆಯನ್ನು ಕೆಲವು ವಿದ್ವಾಂಸರು ಮುಂದಿಟ್ಟಿದ್ದಾರೆ. ಊಹೆ ಸರಿಯಿರಲಿ ಬಿಡಲಿ, ನನಗೆ ಕಾಣುವುದು ಇಷ್ಟು: ಹತ್ತಾರು ಮಂದಿ ಊರೂರಿನಿಂದ ಬಂದು ದುಡಿದ ಕೆಲಸವನ್ನು ಜನರ ನೆನಪು ಒಬ್ಬನ ತಲೆಗೆ ಕಟ್ಟಿತು, ಕಟ್ಟುವಾಗ ಅವನಿಗೆ ಒಂದು ಸಂಸಾರವನ್ನೂ ಒಂದು ತಪ್ಪನ್ನೂ ಕೊಟ್ಟಿತು. ಕಥೆಯನ್ನು ಮಕ್ಕಳಿಗೆ ಧಾರಾಳವಾಗಿ ಹೇಳಿ. ಆದರೆ ಬೇಲೂರಿಗೆ ಕರೆದೊಯ್ದಾಗ ಚಾವಣನ ಹೆಸರನ್ನು ಬೆರಳಿಟ್ಟು ತೋರಿಸಿ. ತನ್ನ ಹೆಸರನ್ನು ತಾನೇ ಬರೆದಿಟ್ಟು ಹೋದವನನ್ನು ಬಿಟ್ಟು ಬೇರೊಬ್ಬನಿಗೆ ಕೀರ್ತಿ ಕೊಡುವುದು ನ್ಯಾಯವಲ್ಲ.

ಪ್ರಶ್ನೆ: ಕಪ್ಪೆ ಚೆನ್ನಿಗರಾಯನ ಗುಡಿ ಯಾವುದು? ಕಪ್ಪೆ ಬಂದದ್ದು ಅದೇ ಮೂರ್ತಿಯಿಂದಲೇ? (ಕಡೂರಿನ ಓದುಗರು)

ಉತ್ತರ: ಮುಖ್ಯ ಗುಡಿಯ ದಕ್ಷಿಣಕ್ಕೆ, ಅದೇ ಪ್ರಾಕಾರದೊಳಗೆ ಇರುವ ಗುಡಿ ಅದು. ಅದನ್ನು ಕಟ್ಟಿಸಿದವಳು ರಾಣಿ ಶಾಂತಲೆ. ಮೇಲಿನ ಕಥೆಯ ಮೂರ್ತಿ ಇದೇ ಎಂದು ಊರವರು ತೋರಿಸುತ್ತಾರೆ, ಹೆಸರಿನ ಕಪ್ಪೆಯೂ ಆ ಕಥೆಯದೇ. ಅವಸರದಲ್ಲಿ ಬರುವವರು ಮುಖ್ಯ ಗುಡಿಯೊಂದನ್ನೇ ಸುತ್ತಿ ಹೊರಟುಬಿಡುತ್ತಾರೆ. ಪಶ್ಚಿಮದ ವೀರನಾರಾಯಣ, ಸೌಮ್ಯನಾಯಕಿ, ಆಂಡಾಳ್ ಗುಡಿಗಳನ್ನೂ ನೋಡದೆ ಬರಬಾರದು. ವೀರನಾರಾಯಣನ ಗುಡಿ ಚಿಕ್ಕದಾದರೂ ಅದರ ಹೊರಗೋಡೆಯ ದೊಡ್ಡ ವಿಗ್ರಹಗಳ ನಿಲುವು ಬಲು ಗಂಭೀರವಾದದ್ದು.

ಪ್ರಶ್ನೆ: ವಿಷ್ಣುವರ್ಧನ ಜೈನನಾಗಿದ್ದು, ರಾಮಾನುಜಾಚಾರ್ಯರಿಂದ ವೈಷ್ಣವನಾದ ನೆನಪಿಗೆ ಈ ಗುಡಿಯನ್ನು ಕಟ್ಟಿಸಿದನೇ? ಅಥವಾ ಚೋಳರನ್ನು ಗೆದ್ದ ನೆನಪಿಗೆ ಕಟ್ಟಿಸಿದನೇ? (ಮೈಸೂರಿನ ಓದುಗರು)

ಉತ್ತರ: ಎರಡೂ ಮಾತುಗಳು ಬಹಳ ಕಾಲದಿಂದ ಜೊತೆಜೊತೆಯಾಗಿ ನಡೆದುಬಂದಿವೆ. ಆದರೆ ಎರಡರ ಆಧಾರ ಒಂದೇ ತೂಕದ್ದಲ್ಲ. 1116ರ ಹೊತ್ತಿಗೆ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದು 'ತಲಕಾಡುಗೊಂಡ' ಎಂಬ ಬಿರುದು ಧರಿಸಿದ. ಮರುವರ್ಷವೇ ಬೇಲೂರಿನ ಪ್ರತಿಷ್ಠೆ ನಡೆಯಿತು. ದೇವರಿಗೆ ಇಟ್ಟ ಹೆಸರು ವಿಜಯನಾರಾಯಣ. ದಿನಾಂಕವೂ ಹೆಸರೂ ಹೀಗೆ ಒಂದರ ಪಕ್ಕ ಒಂದು ನಿಂತಿರುವಾಗ ಗೆಲುವಿನ ಮಾತನ್ನು ತಳ್ಳಿಹಾಕುವುದು ಕಷ್ಟ. ರಾಮಾನುಜರ ಕಥೆ, ಎಂದರೆ ಬಿಟ್ಟಿದೇವನೆಂಬ ಹೆಸರಿನ ಈ ದೊರೆ ಅವರ ಪ್ರಭಾವದಿಂದ ಮತಾಂತರಗೊಂಡು ವಿಷ್ಣುವರ್ಧನನಾದನೆಂಬುದು, ಶ್ರೀವೈಷ್ಣವ ಪರಂಪರೆಯಲ್ಲಿ ಬೆಳೆದುಬಂದದ್ದು. ರಾಮಾನುಜರು ಮೇಲುಕೋಟೆಯಲ್ಲಿದ್ದುದನ್ನೂ ದೊರೆಗೆ ಅವರಲ್ಲಿ ಭಕ್ತಿಯಿದ್ದುದನ್ನೂ ಆ ಪರಂಪರೆ ಬಹಳ ಪ್ರೀತಿಯಿಂದ ಕಾಪಾಡಿಕೊಂಡಿದೆ.

ಮತಾಂತರವೆಂಬ ಮಾತನ್ನು ನಾವು ಇಂದಿನ ಅರ್ಥದಲ್ಲಿ ತೆಗೆದುಕೊಂಡಾಗಲೇ ತೊಡಕು ಹುಟ್ಟುತ್ತದೆ. ಬೇಲೂರಿನ ಪ್ರತಿಷ್ಠೆಯಾದ ಮೇಲೂ ರಾಣಿ ಶಾಂತಲೆ ಜೈನಳಾಗಿಯೇ ಇದ್ದಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಆಕೆಯ ತಾಯಿ ಮಾಚಿಕಬ್ಬೆ ಜೈನಳು, ತಂದೆ ಮಾರಸಿಂಗಯ್ಯ ಶೈವ. ದೊರೆಯ ಬಲಗೈಯಂತಿದ್ದ ದಂಡನಾಯಕ ಗಂಗರಾಜನೂ ಜೈನನೇ. ಹಳೇಬೀಡಿನಲ್ಲಿ ದೊರೆಯ ಹೆಸರಿನಲ್ಲಿಯೂ ರಾಣಿಯ ಹೆಸರಿನಲ್ಲಿಯೂ ಶಿವಲಿಂಗಗಳು ಪ್ರತಿಷ್ಠೆಯಾದವು. ಅಲ್ಲಿಯೇ 1133ರಲ್ಲಿ ಗಂಗರಾಜನ ಮಗ ಬೊಪ್ಪ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿ, ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ದೊರೆಗೆ ಕಳುಹಿಸಿದ. ಯುದ್ಧದಲ್ಲಿ ಗೆಲುವು, ಅದೇ ಹೊತ್ತಿಗೆ ಮಗನ ಜನನ. ಆ ಸಂತೋಷದಲ್ಲಿ ದೊರೆ ಎದ್ದು ನಿಂತು ಪ್ರಸಾದ ಸ್ವೀಕರಿಸಿ, ಬಸದಿಯ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಬೇಲೂರಿನಲ್ಲಿ ವಿಜಯನಾರಾಯಣ, ಹಳೇಬೀಡಿನಲ್ಲಿ ವಿಜಯಪಾರ್ಶ್ವ! ಗೆದ್ದಾಗಲೆಲ್ಲ ಹತ್ತಿರದಲ್ಲಿದ್ದ ದೇವರಿಗೆ ಗೆಲುವನ್ನು ಒಪ್ಪಿಸುವ ದೊರೆಯನ್ನು ಒಂದೇ ಪಂಥದ ಚೌಕಟ್ಟಿನಲ್ಲಿ ಕೂರಿಸುವುದು ಸುಲಭವಲ್ಲ.

ಬೇಲೂರಿನ ಶಾಸನವೊಂದರಲ್ಲಿರುವ 'ಯಂ ಶೈವಾಃ ಸಮುಪಾಸತೇ ಶಿವ ಇತಿ' ಎಂದು ಮೊದಲಾಗುವ ಶ್ಲೋಕವನ್ನು ಇಲ್ಲಿ ನೆನೆಯಬೇಕು. ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ನೈಯಾಯಿಕರು ಕರ್ತನೆಂದು, ಜೈನರು ಅರ್ಹಂತನೆಂದು, ಮೀಮಾಂಸಕರು ಕರ್ಮವೆಂದು ಯಾರನ್ನು ಉಪಾಸಿಸುತ್ತಾರೋ ಆ ಕೇಶವ ನಿಮ್ಮ ಇಷ್ಟಾರ್ಥವನ್ನು ಸಲ್ಲಿಸಲಿ ಎಂಬುದು ಅದರ ತಾತ್ಪರ್ಯ.

ಪ್ರಶ್ನೆ: ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯ ಶಿಲ್ಪಕ್ಕೆ ರೂಪದರ್ಶಿಯಾದವಳು ಶಾಂತಲೆಯೇ ಎಂದು ಮಾರ್ಗದರ್ಶಿಯೊಬ್ಬರು ಹೇಳಿದರು. ನಿಜವೇ? (ದಾವಣಗೆರೆಯ ಓದುಗರು)

ಉತ್ತರ: ಹಾಗೆ ಹೇಳುವ ಶಾಸನವಿಲ್ಲ. ಶಾಂತಲೆ ಸಂಗೀತ ನೃತ್ಯಗಳಲ್ಲಿ ನಿಪುಣೆಯಾಗಿದ್ದಳೆಂದು ಶಾಸನಗಳು ಹೊಗಳುವುದು ನಿಜ, ಮದನಿಕೆಯರೆಂಬ ಈ ಸುಂದರಿಯರ ಶಿಲ್ಪಗಳಲ್ಲಿ ಹೆಚ್ಚಿನವು ನೃತ್ಯದ ಭಂಗಿಯಲ್ಲಿರುವುದೂ ನಿಜ. ಈ ಎರಡು ನಿಜಗಳ ನಡುವೆ ಮೂರನೆಯದೊಂದನ್ನು ಜನರ ಪ್ರೀತಿ ಹೆಣೆದುಕೊಂಡಿದೆ. ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಬೆಟ್ಟದಿಂದ ಹಾರಿದಳೆಂಬ ಕಥೆ ಪ್ರಚಲಿತವಾಗಿದ್ದರೂ ಜೈನಧರ್ಮದ ಸಲ್ಲೇಖನದಿಂದ, ಎಂದರೆ ಉಪವಾಸವ್ರತದಿಂದ, ದೇಹ ಬಿಟ್ಟಳೆಂದು ಕೆಲವರು ಹೇಳುತ್ತಾರೆ. ಆಕೆ ಹೇಗೆ ತೀರಿಕೊಂಡಳೆಂಬುದರಲ್ಲಿ ಒಮ್ಮತವಿಲ್ಲ.

ಮದನಿಕೆಯರ ಬಗ್ಗೆ ಬಂದಿರುವ ಬೇರೆ ಪ್ರಶ್ನೆಗಳಿಗೂ ಇಲ್ಲಿಯೇ ಉತ್ತರಿಸಿಬಿಡುತ್ತೇನೆ. ಒಟ್ಟು 42 ಮಂದಿ. ಹೊರಗೆ ಸೂರಿನ ಕೆಳಗೆ 38, ಒಳಗೆ ನವರಂಗದ, ಎಂದರೆ ಗರ್ಭಗುಡಿಯ ಮುಂದಿನ ಮಂಟಪದ, ನಡುವಣ ನಾಲ್ಕು ಕಂಬಗಳ ನೆತ್ತಿಯಲ್ಲಿ 4. ಒಬ್ಬೊಬ್ಬಳನ್ನೂ ಬಿಡಿ ಕಲ್ಲಿನಲ್ಲಿ, ತಲೆಯ ಮೇಲಿನ ಬಳ್ಳಿ ಎಲೆಗಳ ಚಪ್ಪರವನ್ನೂ ಸೇರಿಸಿ ಕಡೆದು, ಆಮೇಲೆ ಮೇಲೇರಿಸಿ ಓರೆಯಾಗಿ ಕೂರಿಸಿದ್ದಾರೆ. ಕೆಳಗೆ ನಿಂತವನ ಕಣ್ಣಿಗೆ ಮುಖ ಬಾಗಿ ಕಾಣಲೆಂದು ಈ ಓರೆ. ಗಿಳಿಯೊಂದಿಗೆ ಮಾತನಾಡುವ ಶುಕಭಾಷಿಣಿ, ಸೀರೆಯ ಸೆರಗನ್ನು ಕೋತಿ ಎಳೆಯುತ್ತಿರುವವಳು, ಬೇಟೆಗೆ ಹೊರಟವಳು, ಭಸ್ಮಮೋಹಿನಿ, ಹೀಗೆ ಒಬ್ಬೊಬ್ಬಳಿಗೂ ಒಂದೊಂದು ಕೆಲಸವಿದೆ. ಒಳಗಿರುವವರಲ್ಲಿ ಒಬ್ಬಳ ಕೈಬಳೆಯನ್ನು ಮೇಲೆ ಕೆಳಗೆ ಸರಿಸಬಹುದು. ಒಂದೇ ಕಲ್ಲಿನಲ್ಲಿ ಮಣಿಕಟ್ಟನ್ನೂ ಬಳೆಯನ್ನೂ ಬೇರೆ ಮಾಡಿದ ಉಳಿಯ ತುದಿ ಎಷ್ಟು ಸಣ್ಣದಿದ್ದೀತೆಂದು ನೀವೇ ಊಹಿಸಿ. ಹೊರಗಿನ ಒಬ್ಬಳ ತಲೆಯ ಮೇಲಿನ ಚಪ್ಪರದಲ್ಲಿ ಒಂದು ಹಲಸಿನ ಹಣ್ಣು, ಅದರ ಮೇಲೆ ಒಂದು ನೊಣ, ಅದನ್ನು ಹಿಡಿಯಲು ಹೊಂಚುತ್ತಿರುವ ಒಂದು ಹಲ್ಲಿ ಇವೆ. ದೇವರಿಗೂ ಪುರಾಣಕ್ಕೂ ದೊರೆಗೂ ಸಂಬಂಧವಿಲ್ಲದ ಆ ಹಲ್ಲಿಯನ್ನು ನೋಡಲು ನಾನು ಪ್ರತಿ ಸಲವೂ ಕತ್ತು ನೋಯಿಸಿಕೊಳ್ಳುತ್ತೇನೆ.

ಪ್ರಶ್ನೆ: ಇಷ್ಟು ನಯವಾದ ಕೆತ್ತನೆ ಕಲ್ಲಿನಲ್ಲಿ ಹೇಗೆ ಸಾಧ್ಯವಾಯಿತು? ಕಲ್ಲನ್ನು ಕರಗಿಸಿ ಅಚ್ಚು ಹೊಯ್ದಿದ್ದಾರೆಂದು ಹೇಳುವುದು ಸರಿಯೇ? (ಕಲಬುರಗಿಯ ವಿದ್ಯಾರ್ಥಿ)

ಉತ್ತರ: ಸರಿಯಲ್ಲ. ಅಚ್ಚಿನಲ್ಲಿ ಹೊಯ್ದಿದ್ದರೆ ಗುಡಿಯ ಹೊರಗೋಡೆಯ ಬುಡದಲ್ಲಿರುವ ಸುಮಾರು 650 ಆನೆಗಳ ಸಾಲಿನಲ್ಲಿ ಒಂದರಂತೆ ಇನ್ನೊಂದು ಇರಬೇಕಿತ್ತು. ಅಲ್ಲಿ ಒಂದು ಆನೆ ಮುಂದಿನದರ ಬಾಲ ಹಿಡಿದಿದೆ, ಒಂದು ಹಿಂದಿರುಗಿ ನೋಡುತ್ತಿದೆ. ಗುಟ್ಟು ಇರುವುದು ಕಲ್ಲಿನ ಜಾತಿಯಲ್ಲಿ. ಇದು ನಮ್ಮ ಕಡೆ ಬಳಪದ ಕಲ್ಲು ಎಂದು ಕರೆಯುವ ಜಾತಿಯದು. ನೆಲದಿಂದ ತೆಗೆದ ಹೊಸದರಲ್ಲಿ ಮೃದುವಾಗಿದ್ದು, ಗಾಳಿ ಬಿಸಿಲಿಗೆ ಒಡ್ಡಿಕೊಂಡಂತೆ ಗಡುಸಾಗುತ್ತ ಹೋಗುತ್ತದೆ. ಚೋಳರೂ ಪಲ್ಲವರೂ ಹಿಡಿದ ಕಣಶಿಲೆಯಲ್ಲಿ ಇಂಥ ಕುಸುರಿ ಸಾಧ್ಯವಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೇ ಲಕ್ಕುಂಡಿ, ಇಟಗಿ, ಬಳ್ಳಿಗಾವೆಗಳ ಕಡೆಯ ಶಿಲ್ಪಿಗಳಿಗೆ ಈ ಕಲ್ಲಿನ ಮರ್ಮ ತಿಳಿದಿತ್ತು. ದಾಸೋಜನಂಥವರು ಆ ವಿದ್ಯೆಯನ್ನು ಕಟ್ಟಿಕೊಂಡೇ ತೆಂಕಣಕ್ಕೆ ಬಂದರು.

ನವರಂಗದ 48 ಕಂಬಗಳಲ್ಲಿ ಹೆಚ್ಚಿನವನ್ನು ತಿರುಗಣೆಯ ಮೇಲೆ ಕೂರಿಸಿ, ತಿರುಗಿಸುತ್ತ ಉಳಿ ಹಿಡಿದು ಕಡೆದಿದ್ದಾರೆ. ಕಂಬದ ಮೈಮೇಲೆ ಬಳೆ ತೊಡಿಸಿದಂತೆ ಕಾಣುವ ಸುತ್ತುಗೆರೆಗಳು ಅದರ ಗುರುತು. ನಡುವಣ ನಾಲ್ಕು ಕಂಬಗಳು ಮಾತ್ರ ಕೈಯಲ್ಲೇ ಕಡೆದವು. ಅವುಗಳ ಮೇಲಿನ ಭುವನೇಶ್ವರಿ ಎಂಬ ಕೆತ್ತನೆಯ ಚಾವಣಿ ತಲೆಕೆಳಗಾದ ಕಮಲದ ಮೊಗ್ಗಿನಂತೆ ಇಳಿಬಿದ್ದಿದೆ. ನರಸಿಂಹ ಕಂಬವನ್ನು ತಪ್ಪದೆ ನೋಡಬೇಕು. ಬುಡದಿಂದ ನೆತ್ತಿಯವರೆಗೆ ಪುಟ್ಟ ಪುಟ್ಟ ವಿಗ್ರಹಗಳಿಂದ ತುಂಬಿದ ಆ ಕಂಬದಲ್ಲಿ ಕಡಲೆಕಾಳಿನಷ್ಟು ಗಾತ್ರದ ಒಂದು ಬಸವನಿದೆ, ಅವನಿಗೆ ಕಡಲೆ ಬಸವನೆಂದೇ ಹೆಸರು. ಹಿಂದೆ ಈ ಕಂಬ ತಿರುಗುತ್ತಿತ್ತೆಂದು ಹೇಳುತ್ತಾರೆ. ಚಾವಣಿಯ ಭಾರ ಹೊತ್ತ ಕಂಬವನ್ನು ಯಾರು ತಿರುಗಿಸಿದರೆಂದು ನಾನು ಕೇಳಲು ಹೋಗಿಲ್ಲ.

ಪ್ರಶ್ನೆ: ಇಷ್ಟು ದೊಡ್ಡ ದೇವಾಲಯಕ್ಕೆ ಗೋಪುರವೇ ಇಲ್ಲವಲ್ಲ? ದಾಳಿಯಲ್ಲಿ ಹಾಳಾಯಿತೇ? (ಬೆಳಗಾವಿಯ ಓದುಗರು)

ಉತ್ತರ: ತಾವು ಕೇಳಿರುವುದು ಗರ್ಭಗುಡಿಯ ಮೇಲಿನ ಶಿಖರದ ಬಗ್ಗೆ ಎಂದು ಭಾವಿಸುತ್ತೇನೆ. ಪ್ರವೇಶದ್ವಾರದ ರಾಜಗೋಪುರ ಈಗಲೂ ಇದೆ, ದಾಳಿಗೆ ಸಿಕ್ಕಿದ್ದು ಅದೇ. ಕಲಬುರಗಿಯಿಂದ ಬಂದ ಗಂಗಸಾಲಾರನೆಂಬ ದಂಡನಾಯಕ ಹಳೆಯ ಬಾಗಿಲುವಾಡವನ್ನು ಸುಟ್ಟನೆಂದೂ, ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ ಅದನ್ನು 1397ರಲ್ಲಿ ಮತ್ತೆ ಕಟ್ಟಿಸಿದನೆಂದೂ ಶಾಸನದಿಂದ ತಿಳಿಯುತ್ತದೆ.

ಶಿಖರದ ಕಥೆ ಬೇರೆ. ಅದು ಇಟ್ಟಿಗೆ, ಗಾರೆ, ಮರಗಳಲ್ಲಿ ಕಟ್ಟಿದ್ದು, ಹೊರಮೈಗೆ ಚಿನ್ನದ ಲೇಪದ ತಾಮ್ರದ ತಗಡು ಹೊದಿಸಿದ್ದು. ಮಲೆನಾಡಿನ ಸೆರಗಿನ ಮಳೆಗೆ ಮತ್ತೆ ಮತ್ತೆ ಶಿಥಿಲವಾಗುತ್ತ, ಮತ್ತೆ ಮತ್ತೆ ದುರಸ್ತಿಯಾಗುತ್ತ ಬಂದು, ಕೊನೆಗೆ ಅದರ ಭಾರದಿಂದ ಗರ್ಭಗುಡಿಗೇ ಅಪಾಯ ಎಂದು 1879ರಲ್ಲಿ ಇಳಿಸಿಬಿಟ್ಟರು. ಅದರ ರೂಪ ಹೇಗಿದ್ದಿರಬಹುದೆಂಬ ಕುತೂಹಲವಿದ್ದರೆ ಬಾಗಿಲುಗಳ ಇಕ್ಕೆಲದಲ್ಲಿ, ಮೆಟ್ಟಿಲ ಬದಿಗೆ ನಿಂತಿರುವ ಪುಟ್ಟ ಗುಡಿಗಳನ್ನು ನೋಡಬೇಕು. ಅವುಗಳ ತಲೆಯ ಮೇಲೆ ಭೂಮಿಜ ಶೈಲಿಯ ಕಿರುಶಿಖರಗಳು ಕೆಡದೆ ಉಳಿದಿವೆ. ದೊಡ್ಡದೂ ಬಹುಶಃ ಇದೇ ಜಾಡಿನದು ಎಂದು ವಾಸ್ತುವಿದ್ವಾಂಸರು ಹೇಳುತ್ತಾರೆ.

ಗುಡಿ ಮೊದಲು ಇದ್ದಂತೆ ಈಗಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಅದರ ಜಾಲಂಧ್ರಗಳು, ಎಂದರೆ ತೂತು ಕೊರೆದ ಕಲ್ಲಿನ ಪರದೆಗಳು. ಕಟ್ಟಿದಾಗ ನವರಂಗ ತೆರೆದ ಮಂಟಪವಾಗಿತ್ತು. ಹೊರಗಿನ ಬೆಳಕು ಒಳಗಿನ ಕಂಬಗಳ ಮೇಲೆ ನೇರವಾಗಿ ಬೀಳುತ್ತಿತ್ತು. ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳನ್ನು ನಿಲ್ಲಿಸಿ ಬಾಗಿಲು ಹಾಕಿಸಿದ್ದು ಆಮೇಲಿನ ಕೆಲಸ, ವಿಷ್ಣುವರ್ಧನನ ಮೊಮ್ಮಗ ವೀರಬಲ್ಲಾಳನ ಕಾಲದ್ದು. ಒಳಗೆ ಕತ್ತಲೆ ಎಂದು ದೂರುವವರು ಈ ಸಂಗತಿಯನ್ನು ನೆನಪಿಡಬೇಕು. ಆ ಕತ್ತಲೆಗೆ ಪ್ರತಿಯಾಗಿ ನಮಗೆ ಸಿಕ್ಕಿದ್ದು ಪೂರ್ವದ ಬಾಗಿಲಿನ ಇಕ್ಕೆಲದ ಜಾಲಂಧ್ರಗಳಲ್ಲಿ ಕೆತ್ತಿರುವ ರಾಜಸಭೆಯ ಫಲಕಗಳು.

ಪ್ರಶ್ನೆ: ಬಾಗಿಲಲ್ಲಿ ಹುಲಿಯೊಡನೆ ಹೋರಾಡುವ ವೀರನ ಕಥೆ ಏನು? (ಹೂವಿನಹಡಗಲಿಯ ಓದುಗರು)

ಉತ್ತರ: ಅವನು ಸಳ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರೇ ಹಿಂದಿನ ಸೊಸೆವೂರು. ಅಲ್ಲಿಯ ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ ಹುಲಿ ಮೇಲೆರಗಿದಾಗ ಜೈನಮುನಿ 'ಪೊಯ್ ಸಳ', ಹೊಡೆ ಸಳ, ಎಂದರೆಂದೂ, ಅವನು ಹೊಡೆದು ಕೊಂದನೆಂದೂ, ಅದರಿಂದಲೇ ವಂಶಕ್ಕೆ ಪೊಯ್ಸಳವೆಂಬ ಹೆಸರಾಯಿತೆಂದೂ ಕಥೆ. ಈ ಕಥೆ ಶಾಸನದಲ್ಲಿ ಮೊದಲು ಕಾಣಿಸುವುದು ಬೇಲೂರಿನ 1117ರ ಶಾಸನದಲ್ಲಿಯೇ. ಚೋಳರನ್ನು ಗೆದ್ದ ದೊರೆಗೆ ತನ್ನ ವಂಶಕ್ಕೊಂದು ವೀರಮೂಲ ಬೇಕಾಗಿದ್ದ ಹೊತ್ತು ಅದು. ಶಿಲ್ಪಿಗಳು ಕಡೆದ ಮೃಗ ಮಾತ್ರ ಹುಲಿಗಿಂತ ಸಿಂಹವನ್ನೇ ಹೆಚ್ಚು ಹೋಲುತ್ತದೆ. ಬಾಗಿಲುಗಳ ಬಳಿ ಹೋದಾಗ ಕಂಬಗಳನ್ನೂ ನೋಡಿ: ಪೂರ್ವಕ್ಕೆ ರತಿ ಮನ್ಮಥರು, ದಕ್ಷಿಣಕ್ಕೆ ಹನುಮ ಗರುಡರು, ಉತ್ತರಕ್ಕೆ ಚಾಮರಧಾರಿಣಿಯರು.

ಪ್ರಶ್ನೆ: ಅಂಗಳದ ದೀಪಸ್ತಂಭದ ಅಡಿಯಲ್ಲಿ ಕಾಗದ ತೂರುತ್ತದೆ. ಬೀಳದೆ ಹೇಗೆ ನಿಂತಿದೆ? (ಬೆಂಗಳೂರಿನ ಓದುಗರು)

ಉತ್ತರ: ಸುಮಾರು 42 ಅಡಿಯ ಆ ಕಂಬವನ್ನು ನೆಲದಲ್ಲಿ ಹೂತಿಲ್ಲ, ಜಗಲಿಯ ಮೇಲೆ ಸುಮ್ಮನೆ ನಿಲ್ಲಿಸಿದ್ದಾರೆ. ಅದರ ಭಾರವೇ ಅದನ್ನು ಹಿಡಿದಿದೆ. ಎರಡು ಕಲ್ಲಿನ ಮೈಗಳು ಎಲ್ಲ ಕಡೆಯೂ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂಡುವುದಿಲ್ಲ. ಮೂರು ಕಡೆ ಗಟ್ಟಿಯಾಗಿ ಊರಿದರೆ ನಾಲ್ಕನೆಯ ಕಡೆ ಚೂರು ಸಂದು ಉಳಿದರೂ ಕಂಬಕ್ಕೆ ಕೇಡಿಲ್ಲ. ಮುಕ್ಕಾಲಿಯನ್ನು ಯಾರೂ ಪವಾಡವೆನ್ನುವುದಿಲ್ಲ. ನಿಜವಾಗಿ ಬೆರಗಾಗಬೇಕಾದದ್ದು ಅಷ್ಟು ಉದ್ದದ ಕಲ್ಲನ್ನು ಎತ್ತಿ, ತೂಕ ತಪ್ಪದಂತೆ ನಿಲ್ಲಿಸಿದವರ ಲೆಕ್ಕಾಚಾರಕ್ಕೆ.

ಪ್ರಶ್ನೆ: ಮೂಲದೇವರ ಹೆಸರು ವಿಜಯನಾರಾಯಣನೆಂದು ಒಂದು ಕಡೆ, ಚೆನ್ನಕೇಶವನೆಂದು ಇನ್ನೊಂದು ಕಡೆ ಓದಿದ್ದೇನೆ. ಗಂಡುದೇವರಿಗೆ ಮೂಗುತಿ ಏಕೆ? (ಶಿರಸಿಯ ಓದುಗರು)

ಉತ್ತರ: ವಿಜಯನಾರಾಯಣ ದೊರೆ ಇಟ್ಟ ಹೆಸರು, ಚೆನ್ನಿಗರಾಯ ಜನ ಕರೆದ ಹೆಸರು. ಚೆನ್ನ ಎಂದರೆ ಚೆಲುವ ಎಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಒಂಬತ್ತು ಶತಮಾನಗಳ ಮೇಲೆ ಯಾವ ಹೆಸರು ಗೆದ್ದಿತೆಂಬುದೂ ತಮಗೆ ಗೊತ್ತೇ ಇದೆ. ಕೇಶವ ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳಲ್ಲಿ ಮೊದಲನೆಯವನು. ಸಂಧ್ಯಾವಂದನೆಯಲ್ಲಿ ಕೇಶವಾಯ ಸ್ವಾಹಾ ಎಂದು ಮೊದಲಾಗುವ ಆ 24 ಹೆಸರುಗಳಿಗೂ ಮೂರ್ತಿಶಿಲ್ಪದಲ್ಲಿ ಒಂದು ಚೊಕ್ಕ ಲೆಕ್ಕವಿದೆ. ಶಂಖ, ಚಕ್ರ, ಗದೆ, ಪದ್ಮ ಈ ನಾಲ್ಕನ್ನು ನಾಲ್ಕು ಕೈಗಳಲ್ಲಿ ಬದಲಿಸಿ ಬದಲಿಸಿ ಹಿಡಿಸಿದರೆ ಸರಿಯಾಗಿ 24 ವಿಧಗಳಾಗುತ್ತವೆ, ಒಂದೊಂದು ವಿಧಕ್ಕೂ ಒಂದೊಂದು ಹೆಸರು. ಬೇಲೂರಿನ ಮೂರ್ತಿ ಸುಮಾರು ಆರಡಿ ಎತ್ತರದ್ದು, ಪ್ರಭಾವಳಿಯಲ್ಲಿ ದಶಾವತಾರಗಳಿವೆ.

ಮೂಗುತಿಯ ಅಲಂಕಾರಕ್ಕೆ ಅಲ್ಲಿಯವರು ಕೊಡುವ ಕಾರಣ ಮೋಹಿನಿ. ಚೆಲುವಿನ ಪರಮಾವಧಿಯಾದ ಆ ರೂಪವನ್ನು ಕೇಶವನಲ್ಲಿಯೇ ಕಾಣುವ ಭಾವವದು. ಇಲ್ಲೊಂದು ಮಾತು ಸೇರಿಸಬೇಕು. 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಬರುವವರ ಸಂಖ್ಯೆ ಹೆಚ್ಚಿದೆ. ಆದರೆ ಸೋಮನಾಥಪುರದಲ್ಲಿ ನಿತ್ಯಪೂಜೆ ನಿಂತುಹೋಗಿ ಬಹಳ ಕಾಲವಾಯಿತು. ಬೇಲೂರಿನಲ್ಲಿ ಹಾಗಲ್ಲ, ಇಲ್ಲಿ ದೇವರು ಮನೆಯಲ್ಲಿದ್ದಾನೆ. ಅಭಿಷೇಕ, ಅಲಂಕಾರ, ಮಂಗಳಾರತಿಗಳು ದಿನದಿನವೂ ನಡೆಯುತ್ತಿವೆ. ಗರ್ಭಗುಡಿಯ ಸುತ್ತ ಒಳಗೆ ಪ್ರದಕ್ಷಿಣೆಯ ದಾರಿಯಿಲ್ಲದ್ದರಿಂದ ಭಕ್ತರು ಹೊರಗಿನ ಜಗತಿಯ, ಎಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಮೇಲೆಯೇ ಬಲಬರುತ್ತಾರೆ. ಗೋಡೆಯ ಮೂಲೆ ಮಡಿಕೆಗಳನ್ನೇ ಅನುಸರಿಸಿ ನಕ್ಷತ್ರದಾಕಾರದಲ್ಲಿ ತಿರುಗುವ ಆ ಜಗತಿಯ ಉಪಯೋಗವೇ ಅದು. ಶಿಲ್ಪ ನೋಡುವವನೂ ಸೇವೆ ಮಾಡುವವನೂ ಒಂದೇ ಕಲ್ಲುಹಾಸಿನ ಮೇಲೆ ನಡೆಯುತ್ತಿರುತ್ತಾರೆ.

ಪ್ರಶ್ನೆ: ರಥೋತ್ಸವದಲ್ಲಿ ಕುರಾನ್ ಪಠಣ ನಡೆಯುತ್ತದೆಂಬುದು ನಿಜವೇ? (ಮಂಗಳೂರಿನ ಓದುಗರು)

ಉತ್ತರ: ಚೈತ್ರಮಾಸದ ರಥೋತ್ಸವದಲ್ಲಿ, ತೇರು ಹೊರಡುವ ಮುನ್ನ ದೊಡ್ಡಮೇದೂರು ಗ್ರಾಮದ ಖಾಜಿಯವರು ಬಂದು ಕುರಾನಿನ ಸಾಲುಗಳನ್ನು ಪಠಿಸಿ ದೇವರಿಗೆ ಗೌರವ ಸಲ್ಲಿಸುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಈಚಿನ ವರ್ಷಗಳಲ್ಲಿ ಅದಕ್ಕೆ ಆಕ್ಷೇಪಗಳೂ ಎದ್ದಿವೆ, ಪರವಾಗಿ ನಿಂತವರೂ ಇದ್ದಾರೆ. ಒಂದು ತೇರಿನ ಹಗ್ಗಕ್ಕೆ ಎಷ್ಟು ಊರುಗಳ, ಎಷ್ಟು ಕುಲಗಳ ಕೈ ತಗಲುತ್ತಿತ್ತೆಂಬುದನ್ನು ಹಳೆಯ ಕಟ್ಟಳೆಗಳು ನಿಗದಿ ಮಾಡಿದ್ದವು. ಇದೂ ಅಂಥದೊಂದು ಹಕ್ಕು ಮತ್ತು ಸೇವೆ ಎಂದು ನಾನು ತಿಳಿದಿದ್ದೇನೆ.

ಪ್ರಶ್ನೆ: ಚೆನ್ನಕೇಶವನಿಗೆ ದೊಡ್ಡ ಚರ್ಮದ ಪಾದುಕೆಗಳನ್ನು ಒಪ್ಪಿಸುತ್ತಿದ್ದರೆಂದು ನಮ್ಮಜ್ಜಿ ಹೇಳುತ್ತಿದ್ದರು. ಏಕೆ? (ಚನ್ನಗಿರಿಯ ಓದುಗರು)

ಉತ್ತರ: ಈ ಪತ್ರ ತಮ್ಮ ಊರಿನಿಂದಲೇ ಬಂದದ್ದು ನನಗೆ ವಿಶೇಷವಾಗಿ ಕಂಡಿತು. ಏಕೆಂದರೆ ಈ ಕಥೆಗೂ ಚನ್ನಗಿರಿಗೂ ನಂಟಿದೆ.

ಸ್ಥಳದ ಐತಿಹ್ಯದಂತೆ ಕೇಶವನ ಮೂರ್ತಿ ಮೊದಲು ಇದ್ದದ್ದು ಬಾಬಾಬುಡನ್‌ಗಿರಿಯ ಮೇಲೆ. ದೊರೆ ಅದನ್ನು ಬೇಲೂರಿಗೆ ಇಳಿಸಿ ತರುವಾಗ ದೇವಿ ಬೆಟ್ಟದ ಮೇಲೆಯೇ ಉಳಿದಳು. ಬೇಲೂರಿನಲ್ಲಿ ಸೌಮ್ಯನಾಯಕಿ ಇದ್ದರೇನು, ಬೆಟ್ಟದ ಮೇಲಿನವಳನ್ನು ಮರೆಯಲಾದೀತೇ? ಆಗಾಗ ರಾತ್ರಿ ಹೊತ್ತು ಸ್ವಾಮಿ ಕಾಲ್ನಡಿಗೆಯಲ್ಲಿ ಗಿರಿಗೆ ಹೋಗಿಬರುತ್ತಾನೆ. ಹಾದಿ ದೂರದ್ದು, ಕಲ್ಲುಮುಳ್ಳಿನದು, ಆದ್ದರಿಂದ ಪಾದುಕೆ ಸವೆಯುತ್ತದೆ. ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಚರ್ಮ ಕೆಲಸದವರ ಕನಸಿನಲ್ಲಿ ಬಂದು ಹೊಸ ಜೋಡು ಬೇಕೆನ್ನುತ್ತಾನೆ. ವಿಶೇಷವೆಂದರೆ ಎರಡು ಊರಿನವರಿಗೂ ಅಪ್ಪಣೆಯಾಗುತ್ತದೆ. ಮಾಡಿ ತಂದ ದೊಡ್ಡ ಪಾದುಕೆಗಳನ್ನು ಗುಡಿಯಲ್ಲಿ ಇಡುತ್ತಿದ್ದರು.

ಕಥೆಯ ಸೊಗಸಿನಲ್ಲಿ ಮರೆಯಬಾರದ ಸಂಗತಿಯೊಂದಿದೆ. ಚರ್ಮದ ಕಸುಬಿನವರಿಗೆ ದೇವಾಲಯದ ಅಂಗಳವೇ ನಿಷಿದ್ಧವಾಗಿದ್ದ ಕಾಲದಲ್ಲಿ, ಪಾದುಕೆ ಒಪ್ಪಿಸುವ ಸಲುವಾಗಿ ಅವರು ಪ್ರಾಕಾರದ ಒಳಗೆ ಬರಬಹುದಾಗಿತ್ತೆಂದು ಹಿಂದಿನ ಮೈಸೂರು ಸಂಸ್ಥಾನದ ಗೆಜೆಟಿಯರ್ ದಾಖಲಿಸಿದೆ. ಕನಸು ಬಿದ್ದವನನ್ನು ಬಾಗಿಲಲ್ಲಿ ತಡೆಯುವಂತಿರಲಿಲ್ಲ, ಏಕೆಂದರೆ ಕನಸು ಕಳುಹಿಸಿದವನು ಒಳಗೇ ನಿಂತಿದ್ದ. ಕನಸು ಯಾರಿಗೆ ಬಿತ್ತು, ಅಳತೆ ಹೇಗೆ ತಿಳಿಯಿತು, ಜೋಡನ್ನು ಹೊತ್ತು ಅಷ್ಟು ದೂರ ಹೇಗೆ ಬಂದರು ಎಂಬುದನ್ನು ಯಾವ ರೂವಾರಿಯೂ ಕಲ್ಲಿನಲ್ಲಿ ಬರೆದಿಡಲಿಲ್ಲ. ತಮ್ಮ ಅಜ್ಜಿ ಅವುಗಳ ಬಗ್ಗೆ ಇನ್ನೇನಾದರೂ ಹೇಳಿದ್ದು ನೆನಪಿದ್ದರೆ ದಯವಿಟ್ಟು ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಕಾದಿರಿಸುತ್ತೇನೆ.